ಮೂರನೇ ಗೆರೆಯ ಮೇಲೆ ಬಳಿದ ಸಿಮೆಂಟು

ದ್ವೀಪದ ಅಪರಿಚಿತ ತಾಣಗಳನ್ನು ಜಗತ್ತಿಗೆ ಪರಿಚಯಿಸಲು ಹೊರಟ ಮಾನ್ಯ ನಿರ್ದೇಶಕರೇ,

ನಮ್ಮ ಗುಹೆಯ ಬಾಯಲ್ಲಿ ಬಂಡೆಗೆ ಕೆತ್ತಿದ್ದ ಏಳು ಗೆರೆಗಳ ಮೇಲೆ ನಿಮ್ಮ ಇಲಾಖೆ ಸಿಮೆಂಟು ಬಳಿದು, ನೀಲಿ ಬಣ್ಣದಲ್ಲಿ ‘ಸುಸ್ವಾಗತ’ ಎಂದು ಬರೆಸಿದೆ. ಸ್ವಾಗತ ಯಾರಿಗೆ? ಪ್ರವಾಸಿಗರಿಗೋ, ಸಮುದ್ರಕ್ಕೋ?

ಆ ಗೆರೆಗಳು ಅಲಂಕಾರಕ್ಕಿರಲಿಲ್ಲ. ಹಿಂದೆ ಹಡಗಿನವರು ಜನರನ್ನು ಹಿಡಿದೊಯ್ಯಲು ಬಂದಾಗ ನಮ್ಮ ಹಿರಿಯರು ಅಡಗುತ್ತಿದ್ದ ಗುಹೆ ಅದು. ಉಬ್ಬರದ ನೀರು ಮೂರನೇ ಗೆರೆ ಮುಟ್ಟಿದರೆ ಒಳಗಿದ್ದವರೆಲ್ಲ ಹೊರಬರಬೇಕು. ನಾಲ್ಕನೆಯದನ್ನು ಮುಟ್ಟಿದರೆ ಬಾಗಿಲು ಮುಚ್ಚಿದಂತೆ. ಅತ್ತೆ ನನಗೆ ಹೇಳಿಕೊಟ್ಟರು, ನಾನು ಸೊಸೆಗೆ. ಪ್ರವಾಸಿಗರನ್ನು ದೋಣಿಯಲ್ಲಿ ಕರೆತಂದು ಒಳಗೆ ಬಿಟ್ಟ ಮೇಲೆ ನಮ್ಮ ಮನೆಯ ಒಬ್ಬರು ಗುಹೆಯ ಬಾಯಲ್ಲಿ ನಿಂತು ಗೆರೆ ಕಾಯುತ್ತಿದ್ದರು. ಇಷ್ಟು ವರ್ಷ ಒಬ್ಬರ ಚಪ್ಪಲಿಯೂ ತೇಲಿಹೋಗಿರಲಿಲ್ಲ.

ತಪ್ಪು ನನ್ನದೂ ಇದೆ. ಎರಡು ವರ್ಷದ ಹಿಂದೆ ನಿಮ್ಮ ಅಧಿಕಾರಿ ನೋಟ್‌ಬುಕ್ಕು ಹಿಡಿದು ಬಂದಾಗ, ಪಾಚಿ ಉಜ್ಜಿ ಒಂದೊಂದೇ ಗೆರೆ ತೋರಿಸಿದವಳು ನಾನೇ. ಹೆಮ್ಮೆ, ಬೇರೇನು?

“ಗೋಡೆ ತುಂಬಾ ಒರಟಾಗಿದೆಯಲ್ಲಮ್ಮಾ, ಜನ ಕೈ ತರಚ್ಕೊಳ್ತಾರೆ,” ಎಂದರು.

“ತರಚಿದ್ರೆ ಮುಲಾಮು ಹಚ್ಚಬಹುದಪ್ಪ. ಈ ಗೆರೆಗಳನ್ನ ಮಾತ್ರ ಮುಟ್ಟಬೇಡಿ.”

“ಬರ್ಕೊಂಡೆ ಬಿಡಿ.”

ಏನು ಬರೆದುಕೊಂಡರೋ! ನಿಮ್ಮ ಕೈಪಿಡಿಯ ಪ್ರಕಾರ ಗುಹೆಯ ವೇಳೆ ಬೆಳಗ್ಗೆ ಹತ್ತರಿಂದ ಸಂಜೆ ಐದು. ಸಮುದ್ರ ನಿಮ್ಮ ಕಚೇರಿಯಲ್ಲಿ ಹಾಜರಿ ಹಾಕುತ್ತದೆಯೇ?

ಕಳೆದ ತಿಂಗಳು ಹನ್ನೊಂದು ಜನ ಒಳಗಿದ್ದಾಗ ಮಧ್ಯಾಹ್ನ ನೀರು ಏರಿತು. ಸೊಸೆ ನುಣ್ಣನೆಯ ಗೋಡೆ ನೋಡುತ್ತ ಅಂದಾಜಿನ ಮೇಲೆ ನಿಂತಿದ್ದಳು. ಕೂಗುವುದು ತಡವಾಯಿತು. ಹತ್ತು ಜನರನ್ನು ಎಳೆದು ತಂದಳು. ಹೆಂಡತಿಗೆ ತೋರಿಸಲೆಂದು ಫೋಟೊ ತೆಗೆಯುತ್ತಿದ್ದ ನಿವೃತ್ತ ಮೇಷ್ಟ್ರು ಬರಲಿಲ್ಲ.

ನಿಮ್ಮ ತನಿಖೆ ಅದನ್ನು ಸೊಸೆಯ ‘ನಿರ್ಲಕ್ಷ್ಯ’ ಎಂದಿತು. ಅವಳ ಪರವಾನಗಿ ರದ್ದಾಯಿತು. ಅವಳೀಗ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. “ಅತ್ತೆ, ಗೆರೆ ಇದ್ದಿದ್ರೂ ನಾನು ಸರಿಯಾಗಿ ನೋಡ್ತಿದ್ನೋ ಇಲ್ವೋ?” ಎಂದು ಕೇಳುತ್ತಾಳೆ. “ಬಾಯಿ ಮುಚ್ಕೊಂಡು ಊಟ ಮಾಡು,” ಎನ್ನುತ್ತೇನೆ. ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕುತ್ತೇನೆ.

ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಒಂದೇ ಉತ್ತರ: ‘ಕಡತದಲ್ಲಿ ಅಂಥ ಯಾವ ಗೆರೆಯೂ ನಮೂದಾಗಿಲ್ಲ.’ ಸಿಮೆಂಟು ಕೀಳಿಸಿ ಎನ್ನೋಣವೆಂದರೆ, ಅದು ಚೆನ್ನಾಗಿ ಹಿಡಿಯಲೆಂದು ಮೊದಲು ಬಂಡೆಯನ್ನೇ ಕೊಚ್ಚಿದ್ದಾಗಿ ನಿಮ್ಮ ಮೇಸ್ತ್ರಿ ಹೇಳುತ್ತಾನೆ. ಹೊಸದಾಗಿ ಕೆತ್ತೋಣವೆಂದರೆ ಅಳತೆ ಯಾರ ಬಳಿಯೂ ಇಲ್ಲ.

ಪರವಾನಗಿ ನೀವೇ ಇಟ್ಟುಕೊಳ್ಳಿ. ಅವಳಿನ್ನು ದೋಣಿ ಹತ್ತುವುದಿಲ್ಲ. ಕೈಪಿಡಿಯಿಂದ ನಮ್ಮ ಗುಹೆಯನ್ನು ಅಳಿಸಿ. ಅಳಿಸುವುದು ನಿಮಗೆ ಚೆನ್ನಾಗಿ ಬರುತ್ತದೆ. ಮತ್ತೆ ಆ ಕಡತದಲ್ಲಿ ಒಂದು ಸಾಲು ಬರೆಯಿರಿ: ಅಲ್ಲಿ ಗೆರೆಗಳಿದ್ದವು, ಮುಚ್ಚಿದವರು ನಾವು. ಬರೆಯುವುದಿಲ್ಲವೆಂದು ಗೊತ್ತು. ಬರೆದರೆ ಒಂದು ಪ್ರತಿ ಕಳಿಸಿ. ಅಡುಗೆಮನೆಯ ಆ ಗೋಡೆಗೆ ಅಂಟಿಸುತ್ತೇನೆ.

ಇಂತಿ,
ಪಾಚಿ ಉಜ್ಜಿ ನಿಮಗೆ ತೋರಿಸಿಕೊಟ್ಟವಳು