ಗಂಡನ ಹೆಸರಿನ ಕಾಲಂ

ನವುಲೆ, ಶಿವಮೊಗ್ಗ
17–11–2024

ಪ್ರೀತಿಯ ಅಮ್ಮನಿಗೆ, ನಿನ್ನ ಪ್ರಿಯದರ್ಶಿನಿಯ ಶರಣು.

ದೀಪಾವಳಿಗೂ ಬರಲಿಲ್ಲ, ಒಂದು ಕಾಗದವೂ ಇಲ್ಲ ಎಂದು ನೀನು ಮುಖ ಊದಿಸಿಕೊಂಡಿದ್ದೀಯಂತೆ, ಮಾವ ಹೇಳಿದ. ತಪ್ಪಾಯಿತು. ಫೋನು ಮಾಡಬಹುದಿತ್ತು, ನಿಜ. ಆದರೆ ನಾನು ಪಿಂಚಣಿ ಅರ್ಜಿಯ ಮಾತೆತ್ತಿದ ತಕ್ಷಣ ನಿಮ್ಮ ಶಿಕಾರಿಪುರದಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ!

ಶಾಲೆಯಿಂದ ನಮ್ಮನ್ನೆಲ್ಲ ಸಮೀಕ್ಷೆಗೆ ಹಾಕಿದ್ದಾರೆ. ವೃದ್ಧಾಪ್ಯ ವೇತನ ಪಡೆಯುವವರ ಮನೆಮನೆಗೆ ಹೋಗಿ ವಯಸ್ಸೆಷ್ಟು, ಕಾಯಿಲೆ ಏನು, ಜೊತೆಯಲ್ಲಿ ಯಾರಿದ್ದಾರೆ ಎಂದು ಕೇಳಿ ಮೊಬೈಲಿನಲ್ಲಿ ತುಂಬಬೇಕು. ಸರ್ಕಾರಕ್ಕೆ ಅಂಕಿಅಂಶ ಬೇಕಂತೆ. ಮೊದಲು ಗೊಣಗಿದೆ, ಈಗ ನನಗೇ ಅದರ ಹುಚ್ಚು ಹಿಡಿದಿದೆ. ಯಾಕೆಂದರೆ ನಿನ್ನ ಅರ್ಜಿಯಲ್ಲಿರುವ ಅದೇ ಕಾಲಂ ಇಲ್ಲೂ ಇದೆ: ಗಂಡನ ಹೆಸರು, ಅದರ ಕೆಳಗೆ ಇದ್ದಾರೆ, ತೀರಿಕೊಂಡಿದ್ದಾರೆ, ಬಿಟ್ಟುಹೋಗಿದ್ದಾರೆ. ಮೂರರಲ್ಲಿ ಒಂದು.

ಅಪ್ಪ ಮನೆ ಬಿಟ್ಟು ಇಪ್ಪತ್ತೊಂಬತ್ತು ವರ್ಷವಾಯಿತು. ನೀನು "ಇದ್ದಾರೆ ಅಂತ್ಲೇ ಬರಿ" ಅನ್ನುತ್ತೀಯ. ಕಚೇರಿಯವರು "ಹಾಗಾದ್ರೆ ಅವರ ಆಧಾರ್ ತಗೊಂಡು ಬನ್ನಿ" ಅನ್ನುತ್ತಾರೆ. ಬಿಟ್ಟುಹೋಗಿದ್ದಾರೆ ಎಂದು ಬರೆಸಲು ನೀನು ಸುತರಾಂ ಒಪ್ಪುವುದಿಲ್ಲ. ಒಂದೂವರೆ ವರ್ಷದಿಂದ ಅರ್ಜಿ ನನ್ನ ಬೀರುವಿನಲ್ಲಿ ಕೊಳೆಯುತ್ತಿದೆ. ಉಳಿದ ಹೆಂಗಸರು ಈ ಕಾಲಂ ಹೇಗೆ ದಾಟುತ್ತಾರೆ ನೋಡೋಣ ಎಂಬ ಕುತೂಹಲ ನನ್ನದು.

ಅಮ್ಮ, ಯಾರೂ ಬಾಯಿಬಿಟ್ಟು ಗಂಡನ ಹೆಸರು ಹೇಳುವುದಿಲ್ಲ! ಇಲ್ಲಿಯ ಕೋಟೆ ಬಡಾವಣೆಯಲ್ಲಿ ಒಬ್ಬ ಅಜ್ಜಿ ಪಕ್ಕದಲ್ಲೇ ಕೂತಿದ್ದ ಯಜಮಾನರ ಕಡೆ ತಿರುಗಿ, "ನಿಮ್ ಹೆಸ್ರು ಕೇಳ್ತಿದಾರೆ, ಹೇಳ್ರಿ" ಎಂದರು. ಅವರಿಗೆ ಕಿವಿ ಮಂದ.

"ಯಾರ್ದು?"

"ನಿಮ್ದೇ!"

"ನಂಗೇನಾಗಿದೆ? ಚೆನ್ನಾಗಿದೀನಲ್ಲ!"

ಇಡೀ ಬೀದಿ ಕೇಳುವಂತೆ ಕೂಗಾಡಿದರೂ ಅಜ್ಜಿಯ ಬಾಯಿಂದ ಹೆಸರು ಮಾತ್ರ ಹೊರಡಲಿಲ್ಲ. ಕೊನೆಗೆ ರೇಷನ್ ಕಾರ್ಡು ತಂದು ಬೆರಳಿಟ್ಟು ತೋರಿಸಿದರು. ಮುಂದಿನ ಮನೆಯ ಅಜ್ಜಿ ಕೊರಳಿನ ಲಿಂಗ ಮುಟ್ಟಿ ತೋರಿಸಿದರು. ನಾನು ಶಿವಯೋಗಪ್ಪನಾ, ಶಿವಪ್ಪನಾ ಎಂದು ಒಂದೊಂದೇ ಕೇಳುತ್ತ ಹೋದೆ. ಲಿಂಗಪ್ಪ ಎಂದಾಗ ಎಪ್ಪತ್ತೆಂಟು ವರ್ಷದ ಆ ಮುಖ ಮದುಮಗಳ ಹಾಗೆ ನಾಚಿತು. "ಹೇಳಿದ್ರೆ ಏನಾಗುತ್ತಜ್ಜಿ?" ಎಂದೆ. "ಅವ್ರ ಆಯಸ್ಸು ಕಮ್ಮಿ ಆಗುತ್ತೆ ಕಣವ್ವ" ಎಂದರು. ದಿನಕ್ಕೆ ಐವತ್ತು ಸಲ "ಮಧೂ" ಎಂದು ಗಂಡನನ್ನು ಕೂಗುವ ನನಗೆ ಒಂದು ಕ್ಷಣ ಎದೆ ಧಸಕ್ಕೆಂದಿತು. ನಗಬೇಡ.

ಹೋದ ವಾರ ಭದ್ರಾವತಿ. ಅಲ್ಲಿ ಚೌಡಮ್ಮ ಎಂಬಾಕೆ ಸಿಕ್ಕಳು, ಸೊಪ್ಪು ಮಾರುತ್ತಾಳೆ. ಕಂತೆ ಕಟ್ಟುತ್ತಲೇ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಳು! ನಾನು ಕಣ್ಣರಳಿಸಿದೆ.

"ಯಾಕ್ ಹೇಳ್ಬಾರ್ದು ಮಾರಾಯ್ತಿ? ನಲವತ್ತು ವರ್ಷ ಆಯ್ತು ಬಿಟ್ಟೋಗಿ. ಹಂಗೇ ಬರ್ಕೋ."

"ಹಾಗೆ ಬರೆದ್ರೆ ನಿಮಗೆ ಬೇಜಾರಾಗಲ್ವಾ?"

"ಬಿಟ್ಟಿದ್ದು ಅವ್ನು, ಬರಿಯೋಳು ನೀನು. ಮಧ್ಯ ನಂಗ್ಯಾಕೆ ನಾಚ್ಕೆ?"

ಹೊರಡುವಾಗ ಒಂದು ಕಂತೆ ಮೆಂತ್ಯ ಸೊಪ್ಪನ್ನು ಚೀಲಕ್ಕೆ ತುರುಕಿದಳು. ದಾರಿಯುದ್ದಕ್ಕೂ ನಿನ್ನದೇ ಯೋಚನೆ. ಅವಳ ಧೈರ್ಯ ನಿನಗಿಲ್ಲ ಎಂದು ನಾನು ಹೇಳುತ್ತಿಲ್ಲ. ಒಬ್ಬಳೇ ನನ್ನನ್ನು ಓದಿಸಿ, ಮದುವೆ ಮಾಡಿದವಳು ನೀನು. ಆದರೆ ಮೂರು ಉತ್ತರಗಳಲ್ಲಿ ಒಂದಕ್ಕೇ ಯಾಕೆ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿದ್ದೀಯ ಎಂದು ನನಗೆ ಇಷ್ಟು ವರ್ಷವಾದರೂ ತಿಳಿದಿಲ್ಲ. ಪ್ರೀತಿಯೋ, ಹಟವೋ? ಕೇಳಿದರೆ ಬೈಯುತ್ತೀಯ ಎಂದು ಕೇಳಿರಲಿಲ್ಲ, ಈಗ ಕೇಳಿದ್ದೇನೆ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನಗೂ ಮಧುವಿಗೂ ಇರಲಿ.

ನಿನ್ನ ಮಗಳು,
ಪ್ರಿಯದರ್ಶಿನಿ

ತಾ.ಕ.: ಅಮ್ಮ, ಇದನ್ನು ಕೂತುಕೊಂಡು ಓದು. ಭದ್ರಾವತಿಗೆ ನನ್ನನ್ನು ಯಾರೂ ಹಾಕಲಿಲ್ಲ, ನಾನೇ ಕೇಳಿ ಹಾಕಿಸಿಕೊಂಡೆ. ಅಪ್ಪ ಅಲ್ಲಿನ ಕಾಗದನಗರದ ಕಡೆ ಇದ್ದಾರೆಂದು ಮಾವ ಒಮ್ಮೆ ಬಾಯಿತಪ್ಪಿ ಹೇಳಿದ್ದ. ಮಂಗಳವಾರ ಅಲ್ಲಿನ ಒಂದು ಹಳೆಯ ಕ್ವಾರ್ಟರ್ಸಿನಲ್ಲಿ ಹೂವಮ್ಮ ಎಂಬುವವರ ಮನೆಗೆ ಹೋದೆ. ಗಂಡನ ಹೆಸರು ಕೇಳಿದಾಗ, "ಆರು ಮುಖದ ದೇವ್ರು" ಎಂದು ತಲೆ ತಗ್ಗಿಸಿದರು. ಷಣ್ಮುಖಪ್ಪ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಅಪ್ಪನೇ. ನಾಲ್ಕು ವರ್ಷದ ಹಿಂದೆ ಎದೆನೋವಿನಲ್ಲಿ ಹೋದರಂತೆ. ಹೋದಮೇಲೂ ಆಕೆ ಹೆಸರು ಹೇಳುವುದಿಲ್ಲ. ಬೈದುಬಿಡಬೇಕೆಂದು ಹೋದವಳಿಗೆ ಬೈಯಲು ಆಗಲಿಲ್ಲ ಅಮ್ಮ. ತೀರಿಕೊಂಡಿದ್ದಾರೆ ಎಂಬುದನ್ನು ನನ್ನ ಕೈಯಾರೆ ಒತ್ತಿದೆ.

ಟೀ ಕೊಡುತ್ತ, "ನೀವು ಯಾರ ಮಗಳಮ್ಮ?" ಎಂದು ಕೇಳಿದರು. ನನಗೂ ಆ ಹೆಸರು ಬಾಯಿಗೆ ಬರಲಿಲ್ಲ. "ಉಮಾಮಹೇಶ್ವರಿಯ ಮಗಳು" ಎಂದೆ. ಅವರು ನನ್ನ ಮುಖವನ್ನೊಮ್ಮೆ, ಗೋಡೆಯ ಫೋಟೋವನ್ನೊಮ್ಮೆ ನೋಡಿದರು.

ನಿನ್ನ ಅರ್ಜಿಯಲ್ಲಿ ಏನು ಬರೆಯಬೇಕೆಂದು ನೀನೇ ಹೇಳು. ನನ್ನದು ಒಂದೇ ಬೇಡಿಕೆ. ಹಣೆಯ ಕುಂಕುಮ ಅಳಿಸಬೇಡ. ನಾಲ್ಕು ವರ್ಷ ಗೊತ್ತಿಲ್ಲದೆ ಇಟ್ಟುಕೊಂಡಿದ್ದೀಯ, ಇನ್ನು ಮೇಲೆ ಗೊತ್ತಿದ್ದೇ ಇಟ್ಟುಕೋ.