ಪೂಜೆಗೆ ಮುಂಚಿನ ನೀರು

ಅಪ್ಪಾಜಿ,

ನೀವು ಮತ್ತೆ ಸ್ನಾನಕ್ಕೆ ಹೋಗಿದ್ದೀರಿ, ನನಗೆ ಇಂದಿರಾನಗರದ ಆಫೀಸಿಗೆ ಹೊತ್ತಾಯಿತು. ಅದಕ್ಕೇ ಈ ಚೀಟಿ.

ಇವತ್ತು ಮಧ್ಯಾಹ್ನದ ಕರುಳಿನ ಪರೀಕ್ಷೆಗೆ ಕೊಟ್ಟ ಭೇದಿ ಔಷಧಿ ನಿನ್ನೆಯಿಂದ ಹೊಟ್ಟೆ ತೊಳೆಯುತ್ತಲೇ ಇದೆ. ನೀವು ಪೂಜೆಯಾಗದೆ ನೀರು ಮುಟ್ಟುವುದಿಲ್ಲ, ಮೀಯದೆ ಪೂಜೆಗೆ ಕೂರುವುದಿಲ್ಲ, ಕೂತರೆ ಹೊಟ್ಟೆ ಎಬ್ಬಿಸುತ್ತದೆ. ಹೀಗಾದರೆ ನೀರು ಕುಡಿಯುವುದು ಯಾವಾಗ?

ಹೊಟ್ಟೆ ಉಬ್ಬರ, ನುಲಿತ, ಓಕರಿಕೆ, ಚಳಿಗೆ ಹೆದರಬೇಡಿ, ಔಷಧಿಯ ಗುಣವೇ ಹಾಗೆ. ಆದರೆ ಎದ್ದಾಗ ತಲೆ ಸುತ್ತಿದರೆ, ಎದೆ ಡವಡವ ಅಂದರೆ, ವಾಂತಿ ನಿಲ್ಲದಿದ್ದರೆ ಕೆಳಗಿನ ಮನೆಯ ನೂರ್ಜಹಾನ್ ಆಂಟಿಯನ್ನು ಕೂಗಿ, ನನಗೂ ಫೋನ್ ಮಾಡಿ. ಸಂಕೋಚ ಬೇಡ, ಅವರಿಗೆ ಎಲ್ಲ ಹೇಳಿದ್ದೇನೆ. “ನಾ ಏನ್ ಸಣ್ಣ ಕೂಸೇನವಾ?” ಅನ್ನಬೇಡಿ. ಬೆಳಿಗ್ಗೆ ಗೋಡೆ ಹಿಡಿದು ನಡೆದದ್ದನ್ನು ನಾನು ನೋಡಿದ್ದೇನೆ.

ಮೇಜಿನ ಮೇಲೆ ಎಳನೀರು ಸೋಸಿಟ್ಟಿದ್ದೇನೆ. ಹನ್ನೊಂದರ ಮೇಲೆ ನೀರೂ ಕುಡಿಯಬಾರದು ಎಂದಿದ್ದಾರೆ ಡಾಕ್ಟರು, ಅಷ್ಟರೊಳಗೆ ಮುಗಿಸಿ. ಲಿಂಗ ನಿಮ್ಮ ಕೊರಳಲ್ಲೇ ಇದೆಯಲ್ಲ, ಅದಕ್ಕೆ ತೋರಿಸಿ ಕುಡಿಯಿರಿ. ಪಾಪ ಬಂದರೆ ನನಗೆ ಬರಲಿ. ಪರೀಕ್ಷೆಗೆ ಕರೆದೊಯ್ಯಲು ಬಂದು ನಾನು ಬೆಲ್ ಒತ್ತಿದಾಗ ಬಾಗಿಲು ನೀವೇ ತೆಗೆಯಬೇಕು.

ಗುರುದೇವಿ