ನಿಮ್ಮ ಬದಲು ಕೂತ ಪಾಠಗಳು

ಅರಿವಳಿಕೆ ಡಾಕ್ಟರರಿಗೆ, ನಿಮ್ಮ ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್ ಮಾಡುವ ನಮಸ್ಕಾರ.

ನಿಮ್ಮ ಆನ್‌ಲೈನ್ ತರಬೇತಿಯ ಪಾಸ್‌ವರ್ಡ್ ಚೀಟಿಯನ್ನು ಇದರ ಜೊತೆಗೇ ಹಿಂದಿರುಗಿಸುತ್ತಿದ್ದೇನೆ. "ನನಗೆಲ್ಲಿ ಪುರುಸೊತ್ತು? ನೀನು ಸುಮ್ನೆ ಕೂತಿರು, ಕೇಳಿದಾಗೆಲ್ಲ 'ಹಾಜರಿದ್ದೇನೆ' ಅಂತ ಒತ್ತು" ಅಂದಿದ್ದಿರಿ. ನಾನು ಸುಮ್ಮನೆ ಕೂರಲಿಲ್ಲ, ಪಾಠ ಕೇಳಿಸಿಕೊಂಡೆ. ಗಂಟಲಿಗೆ ಉಸಿರಾಟದ ನಳಿಕೆ ಹಾಕಿದ ಮೇಲೂ ಪರದೆಯಲ್ಲಿ ಉಸಿರಿನ ಗೆರೆ ಏಳದಿದ್ದರೆ, ನಳಿಕೆ ಅನ್ನನಾಳಕ್ಕೆ ಹೋಗಿದೆ ಎಂದೇ ತಿಳಿದು ತಕ್ಷಣ ತೆಗೆಯಬೇಕು. ಅದು ಆರನೇ ಪಾಠ. ಅದರಲ್ಲಿ ನಿಮಗೆ ನೂರಕ್ಕೆ ನೂರು ಬಂದಿದೆ.

ಸೋಮವಾರ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದವಳು ನನ್ನ ಅಕ್ಕ. "ಸಾರ್, ಗೆರೆ ಏಳ್ತಿಲ್ಲ" ಎಂದು ಮೂರು ಸಲ ಹೇಳಿದೆ. "ಮೆಷಿನ್ ಕೆಟ್ಟಿದೆ. ನೀನು ನನಗೆ ಪಾಠ ಹೇಳ್ಬೇಡ" ಅಂದಿರಿ. ಮೆಷಿನ್ ಕೆಟ್ಟಿರಲಿಲ್ಲ. ಮಾರನೇ ದಿನ ಬೇರೆಯವರಿಗೂ ಅದನ್ನೇ ಹಾಕಿದೆವು, ಗೆರೆ ಚೆನ್ನಾಗಿಯೇ ಎದ್ದಿತು.

ಇನ್ನು ಉಳಿದಿರುವುದು ಏಳನೇ ಪಾಠ ಒಂದೇ: ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಳುವುದು ಹೇಗೆ. ದಯವಿಟ್ಟು ಅದಕ್ಕೆ ನೀವೇ ಕೂರಿ. ನೀವು ಹಿಂಬಾಗಿಲಿನಿಂದ ಹೋದ ಮೇಲೆ, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಮ್ಮನಿಗೆ ಆ ಪಾಠವಿಲ್ಲದೆಯೇ ನಾನು ಹೇಳಿದೆ.

ಇಂತಿ,
ನಿಮ್ಮ ಹೆಸರಿನಲ್ಲಿ ಹಾಜರಿದ್ದವಳು